ಹೂಂಗುಟ್ಟುವ ಕುರ್ಚಿ

ಸ್ವೀಡನ್ನಿಗೆ ಹೊರಟು ನಿಂತಾಗ ಮನೆಯವಳು, "ಅಲ್ಲಿ ಹೋಗಿ ಏನು ಮಾಡ್ತೀರಿ?" ಎಂದು ಕೇಳಿದಳು. "ಸೌಂಡ್ ಇನ್‌ಸ್ಟಲೇಶನ್" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿರಲಿಲ್ಲ. ಕನ್ನಡದಲ್ಲಿ ಹೇಳಿ ಎಂದಳು. ಕಲಾವಿಮರ್ಶಕರು ಬಳಸುವ ಮಾತು ನೆನಪಾಗಿ "ಧ್ವನಿ ಪ್ರತಿಷ್ಠಾಪನೆ" ಎಂದೆ. "ಅಲ್ಲಿಗೂ ಹೋಗಿ ಗಣಪತಿ ಕೂರಿಸ್ತೀರಾ?" ಎಂದವಳೇ ಚಟ್ನಿಪುಡಿಯ ಡಬ್ಬಿಗೆ ಮುಚ್ಚಳ ಬಿಗಿಯತೊಡಗಿದಳು.

ಪ್ರಶ್ನೆಯೇನೂ ತಪ್ಪಲ್ಲ. ನಮಗೆ ಗೊತ್ತಿರುವ ಪ್ರತಿಷ್ಠಾಪನೆಯಲ್ಲಿ ಮೂರ್ತಿ ಮುಂದೆ, ಸದ್ದು ಹಿಂದೆ. ಗಣಪ ಗೇಣುದ್ದವಿದ್ದರೂ ಸ್ಪೀಕರು ಆಳೆತ್ತರ ಇರುತ್ತದೆ, ಅದು ಬೇರೆ ಮಾತು. ಮೂರ್ತಿಯನ್ನೇ ಬಿಟ್ಟು ಬರೀ ಸದ್ದನ್ನು ಕೂರಿಸುವವರೂ ಲೋಕದಲ್ಲಿದ್ದಾರೆಂದು ನನಗೆ ತಿಳಿದದ್ದು ತಲೆ ನರೆತ ಮೇಲೆ.

ನಾನು ಜಾನಪದದ ಮೇಷ್ಟ್ರು. ಸ್ವೀಡನ್ನಿನ ವಿಶ್ವವಿದ್ಯಾಲಯದಲ್ಲಿ ಆರು ವಾರ ಇದ್ದುಹೋಗುವ ಅತಿಥಿ ಕೊನೆಯಲ್ಲಿ ಒಂದೋ ಸಾರ್ವಜನಿಕ ಉಪನ್ಯಾಸ ಕೊಡಬೇಕು, ಇಲ್ಲವೇ ನೋಡುವಂಥದ್ದೋ ಕೇಳುವಂಥದ್ದೋ ಏನಾದರೂ ಮಾಡಿಟ್ಟು ತೋರಿಸಬೇಕು ಎಂದು ಅರ್ಜಿಯಲ್ಲಿ ಬರೆದಿತ್ತು. ನಲವತ್ತೈದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುವುದಕ್ಕಿಂತ ಏನನ್ನಾದರೂ ಕೂರಿಸಿ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು ಕ್ಷೇಮವೆನಿಸಿ ಎರಡನೆಯ ಚೌಕದಲ್ಲಿ ಗುರುತು ಹಾಕಿದೆ. ಮುಂದಿನ ಅನಾಹುತಕ್ಕೆಲ್ಲ ಆ ಗುರುತೇ ಕಾರಣ.

ಹೋಗುವ ಮೊದಲು ಒಂದಿಷ್ಟು ಓದಿಕೊಂಡೆ. ಈ 'ಸೌಂಡ್ ಇನ್‌ಸ್ಟಲೇಶನ್' ಎಂಬ ಮಾತನ್ನು ಚಲಾವಣೆಗೆ ತಂದವನು ಅಮೆರಿಕದ ಮ್ಯಾಕ್ಸ್ ನ್ಯೂಹೌಸ್. ಮೂಲದಲ್ಲಿ ತಾಳವಾದ್ಯಗಾರ. ಟಿಕೆಟ್ಟು ಕೊಂಡು ಬಂದು ಕೂರುವವರನ್ನು ಬಿಟ್ಟು ದಾರಿಹೋಕರ ಕಿವಿ ಹಿಡಿಯಲು ಹೊರಟ. 1967ರಲ್ಲಿ ಬಫಲೊ ನಗರದ ಒಂದು ರಸ್ತೆಯ ಮರಗಳಿಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರುಗಳನ್ನು ಕಟ್ಟಿದ. ಕಾರಿನಲ್ಲಿ ರೇಡಿಯೋ ಹಾಕಿಕೊಂಡು ಹೋದವರಿಗೆ ಮಾತ್ರ ಆ ಸಂಗೀತ. ಹತ್ತು ವರ್ಷದ ಮೇಲೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ, ಜನ ಕಾಲಿಡುವ ಕಬ್ಬಿಣದ ಜಾಲರಿಯ ಕೆಳಗೆ ಗಂಟೆಯ ಅನುರಣನದಂಥ ಒಂದು ನಾದವನ್ನು ಅಡಗಿಸಿಟ್ಟ. ನನ್ನನ್ನು ಬೆರಗುಗೊಳಿಸಿದ್ದು ನಾದವಲ್ಲ. ಅಲ್ಲಿ ಒಂದು ಫಲಕವನ್ನೂ ಅವನು ಹಾಕದಿದ್ದದ್ದು. ನಮ್ಮೂರ ಗುಡಿಯಲ್ಲಿ ಟ್ಯೂಬ್‌ಲೈಟ್ ಕೊಟ್ಟವರ ಹೆಸರು ಆ ಟ್ಯೂಬಿನ ಮೇಲೇ ಎಷ್ಟು ದಪ್ಪಗಿರುತ್ತದೆಂದರೆ, ಬೆಳಕು ಬರುವುದು ಅಕ್ಷರಗಳ ಸಂದಿಯಿಂದ.

ನಾನು ಹೋದ ಊರು ಊಮಿಯೊ. ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಸುಮಾರು 600 ಕಿಲೋಮೀಟರು. 1888ರಲ್ಲಿ ಊರಿನ ಬಹುಭಾಗ ಸುಟ್ಟುಹೋಗಿ, ಮತ್ತೊಮ್ಮೆ ಬೆಂಕಿ ಹಬ್ಬದಿರಲೆಂದು ರಸ್ತೆಗಳನ್ನು ಅಗಲ ಮಾಡಿ ಬದಿಯುದ್ದಕ್ಕೂ ಬರ್ಚ್ ಮರ ನೆಟ್ಟರಂತೆ. ವಿಶ್ವವಿದ್ಯಾಲಯ ಶುರುವಾದದ್ದು 1965ರಲ್ಲಿ, ಅಂದರೆ ನನಗಿಂತ ಒಂದೇ ವರ್ಷ ದೊಡ್ಡದು. ಆದರೆ ಮಂಡಿನೋವು ಇದ್ದಂತೆ ಕಾಣಲಿಲ್ಲ. ನಾನು ಹೋದದ್ದು ನವೆಂಬರ್ ಕೊನೆಗೆ. ಡಿಸೆಂಬರಿನಲ್ಲಿ ಅಲ್ಲಿನ ಸೂರ್ಯ ಒಂಬತ್ತೂವರೆಯ ಹೊತ್ತಿಗೆ ಎದ್ದು, ಬಂದ ಶಾಸ್ತ್ರಕ್ಕೆ ಆಕಾಶದ ಅಂಚಿನಲ್ಲಿ ನಾಲ್ಕು ಹೆಜ್ಜೆ ನಡೆದು, ಎರಡು ಗಂಟೆಗೆಲ್ಲ ಮನೆಗೆ ಹೋಗಿಬಿಡುತ್ತಾನೆ. ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂದು ನನ್ನ ಅಜ್ಜಿ ಹೆದರಿಸುತ್ತಿದ್ದಳು. ಊಮಿಯೊದಲ್ಲಿ ಸೋದರಮಾವಂದಿರಿಗೆ ಅಂಥ ಅಪಾಯವಿಲ್ಲ. ದಿನಕ್ಕೆ ಹತ್ತೊಂಬತ್ತು ಗಂಟೆ ಕಥೆ ಹೇಳಬಹುದು.

ಹೇಳಬಹುದು, ಆದರೆ ಸದ್ದೇ ಇಲ್ಲ. ಹೊಸದಾಗಿ ಬಿದ್ದ ಹಿಮದ ಹರಳುಗಳ ನಡುವೆ ಗಾಳಿ ತುಂಬಿಕೊಂಡಿರುತ್ತದೆ. ಅದಕ್ಕೆ ತಾಗಿದ ಸದ್ದು ಹತ್ತಿಮೂಟೆಗೆ ಗುದ್ದಿದಂತೆ ಅಲ್ಲೇ ಕರಗುತ್ತದೆ. ಬಸ್ಸು ಬಂದದ್ದು ಕಣ್ಣಿಗೆ ಗೊತ್ತಾಗುತ್ತಿತ್ತು, ಕಿವಿಗಲ್ಲ. ಮೊದಲ ವಾರ ನನ್ನ ಕಿವಿಯೇ ಕೆಟ್ಟಿತೆಂದು ತಿಳಿದು ಬಾತ್‌ರೂಮಿನಲ್ಲಿ ತಟ್ಟೆ ಬಡಿದು ಪರೀಕ್ಷಿಸಿಕೊಂಡೆ.

ನನ್ನ ಕೆಲಸದ ಪರಿಚಯ ಮಾಡಿಕೊಡಲು ವಿಭಾಗದಲ್ಲಿ ಒಂದು ಸಣ್ಣ ಸಭೆ ಇಟ್ಟಿದ್ದರು. ಉಪನ್ಯಾಸ ತಪ್ಪಿಸಿಕೊಂಡೆ ಎಂದುಕೊಂಡವನಿಗೆ ಅದು ಬೇರೆ ವೇಷದಲ್ಲಿ ಎದುರಾಯಿತು. ಹದಿನೈದು ಜನ, ಕೈಯಲ್ಲಿ ಕಾಫಿ ಲೋಟ, ಮುಂದೆ ದಾಲ್ಚಿನ್ನಿ ಬನ್ನು. ನಾನು ಮಾತು ಶುರು ಮಾಡಿದೆ. ಹದಿನೈದು ಜೊತೆ ನೀಲಿ, ಬೂದು ಕಣ್ಣುಗಳು ನನ್ನನ್ನೇ ನೋಡುತ್ತಿವೆ. ಯಾರೂ ಮಿಸುಕುವುದಿಲ್ಲ, ಕೆಮ್ಮುವುದಿಲ್ಲ, ಪಕ್ಕದವರ ಕಿವಿಯಲ್ಲಿ ಪಿಸುಗುಡುವುದಿಲ್ಲ. ಐದು ನಿಮಿಷವಾಗುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಫೋನಿನಲ್ಲಿ ಆ ಕಡೆಯ ಸದ್ದು ನಿಂತಾಗ ನಾವು "ಹಲೋ? ಹಲೋ?" ಎನ್ನುತ್ತೇವಲ್ಲ, ಹಾಗೆ ಅನ್ನಬೇಕೆನಿಸಿತು. ಕೊನೆಗೆ ತಡೆಯಲಾರದೆ, "ಅರ್ಥವಾಗುತ್ತಿದೆಯೇ?" ಎಂದು ಕೇಳಿದೆ. ಎದುರಿಗೆ ಕೂತಿದ್ದ ಹಿರಿಯ ಪ್ರಾಧ್ಯಾಪಕಿ ತುಟಿ ಮುಂದೆ ಚಾಚಿ ಗಾಳಿಯನ್ನು ಒಳಕ್ಕೆ "ಶ್ಶುಪ್" ಎಂದು ಎಳೆದುಕೊಂಡರು. ಸೂಜಿಮೆಣಸು ಕಚ್ಚಿದವರು ಹಾಗೆ ಮಾಡುತ್ತಾರೆ. ನಾನು ಗಾಬರಿಯಿಂದ ಅವರ ಬನ್ನಿನ ಕಡೆ ನೋಡಿದೆ.

ಅದು 'ಹೌದು' ಎಂದು ಆಮೇಲೆ ತಿಳಿಯಿತು. ಸ್ವೀಡನ್ನಿನ ಉತ್ತರ ಭಾಗದಲ್ಲಿ 'ಹೌದು' ಎನ್ನಲು ಉಸಿರನ್ನು ಹೊರಗೆ ಬಿಡಬೇಕಾಗಿಲ್ಲ, ಒಳಗೆ ಎಳೆದುಕೊಂಡರೆ ಸಾಕು. ಆ ಚಳಿಯಲ್ಲಿ ಬೆಚ್ಚಗಿನ ಉಸಿರನ್ನು ಸುಮ್ಮನೆ ಖರ್ಚು ಮಾಡುವುದೇಕೆ ಎಂಬ ಲೆಕ್ಕಾಚಾರ ಇರಬೇಕೆಂದು ನಾನು ಊಹಿಸಿದೆ, ಭಾಷಾವಿಜ್ಞಾನಿಗಳು ಒಪ್ಪಲಿಕ್ಕಿಲ್ಲ. ನಾವು ನಗಬೇಕಾಗಿಯೂ ಇಲ್ಲ. ಅಯ್ಯೋ ಪಾಪ ಎನ್ನುವ ಬದಲು ನಾವು ಲೊಚಗುಟ್ಟುವಾಗಲೂ ಗಾಳಿ ಹೋಗುವುದು ಒಳಕ್ಕೇ. ಅವರು ಒಪ್ಪಿಗೆಯನ್ನು ಒಳಗೆಳೆದುಕೊಳ್ಳುತ್ತಾರೆ, ನಾವು ಕನಿಕರವನ್ನು.

ಆ ಸಂಜೆ ಮನೆಗೆ ಫೋನ್ ಮಾಡಿ ಇದನ್ನೆಲ್ಲ ವರ್ಣಿಸುತ್ತಿದ್ದಾಗ ಹೊಳೆಯಿತು. ಆ ಕಡೆಯಿಂದ ಮನೆಯವಳು "ಹ್ಞೂಂ... ಹ್ಞೂಂ" ಎನ್ನುತ್ತಲೇ ಇದ್ದಳು. ಪಾತ್ರೆ ತೊಳೆಯುವ ಸದ್ದೂ ಕೇಳುತ್ತಿತ್ತು, ಅಂದರೆ ಗಮನ ಪೂರ್ತಿ ನನ್ನ ಮೇಲೆ ಇರಲಿಲ್ಲ. ಆದರೂ ನನ್ನ ಮಾತು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ ಓಡುತ್ತಿತ್ತು. ಬೆಳಿಗ್ಗೆ ಹದಿನೈದು ಜನ ಮೈಯೆಲ್ಲ ಕಿವಿಯಾಗಿ ಕೂತಿದ್ದರೂ ಬತ್ತಿಹೋದ ಮಾತು ಅದೇ. ಕಿವಿ ಇದ್ದರೆ ಸಾಲದು, ಕಿವಿ ಇದೆ ಎಂಬ ಸದ್ದು ಬೇಕು. ನಾನು ಕೂರಿಸಬೇಕಾದ ಮೂರ್ತಿ ಸಿಕ್ಕಿತು.

ಹೂಂಕಾರ ಬೇರೆ, ಹೂಂಗುಟ್ಟುವುದು ಬೇರೆ. ಮೊದಲನೆಯದು ಪುರಾಣದ ಭೀಮನದು, ಎರಡನೆಯದು ಅಜ್ಜಿಯ ಮಗ್ಗುಲಿನದು. ನನ್ನ ಅಜ್ಜಿ ಕಥೆ ಶುರು ಮಾಡುವ ಮೊದಲೇ "ಹೂಂಗುಟ್ಟಬೇಕು, ಮತ್ತೆ" ಎಂದು ಕರಾರು ಹಾಕುತ್ತಿದ್ದಳು. ಕತ್ತಲಲ್ಲಿ ಮಕ್ಕಳ ಮುಖ ಕಾಣುವುದಿಲ್ಲ. ಎದ್ದಿದ್ದಾರೋ ಇಲ್ಲವೋ ತಿಳಿಯುವುದು ಹ್ಞೂಂನಿಂದಲೇ. ಏಳು ಸಮುದ್ರದ ಆಚೆ ಗಿಳಿಯಿದ್ದರೂ, ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದರೂ, ಹ್ಞೂಂ ನಿಂತೊಡನೆ ಕಥೆಯೂ ನಿಲ್ಲುತ್ತಿತ್ತು. ನಾನು ಬೇಗ ನಿದ್ದೆ ಹೋಗುವ ಹುಡುಗ. ಹೀಗಾಗಿ ಅಜ್ಜಿಯ ಬಹಳಷ್ಟು ಕಥೆಗಳ ಕೊನೆ ನನಗೆ ಇಂದಿಗೂ ಗೊತ್ತಿಲ್ಲ.

ಕೆಲಸಕ್ಕೆ ಹ್ಞೂಂ ಬೇಕಿತ್ತು. ಪೆನ್ ಡ್ರೈವಿನಲ್ಲಿ ನನ್ನ ಹಳೆಯ ಕ್ಯಾಸೆಟ್ಟುಗಳ ಪ್ರತಿ ಇತ್ತು. ಪಿಎಚ್.ಡಿ. ಕಾಲದಲ್ಲಿ ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕಮ್ಮನಿಂದ ರೆಕಾರ್ಡ್ ಮಾಡಿಕೊಂಡ ಕಥೆಗಳು. ಅವನ್ನು ಬರೆದಿಳಿಸಿ, ಪದವಿ ಪಡೆದು, ಪುಸ್ತಕ ಮಾಡಿ ಮೂವತ್ತು ವರ್ಷವಾಗಿತ್ತು. ಈಗ ಹಿಮದ ಊರಿನಲ್ಲಿ ಹೆಡ್‌ಫೋನ್ ಹಾಕಿ ಕೂತರೆ, ಕಥೆಯ ಪ್ರತಿ ಸಾಲಿನ ತುದಿಯಲ್ಲೂ ಇನ್ನೊಂದು ದನಿ. "ಹ್ಞೂಂ." ಅದು ನನ್ನದಲ್ಲ. ನಾನು ಆಗ ಬ್ಯಾಟರಿಯ ಚಿಂತೆಯಲ್ಲಿದ್ದವನು. ಪಕ್ಕದಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದ ಸೊಸೆಯದು.

ಎಂಥ ಹ್ಞೂಂಗಳು! 'ಮುಂದೆ ಹೇಳಿ' ಎಂಬ ಗಿಡ್ಡ ಹ್ಞೂಂ. 'ಹೌದಾ?' ಎಂದು ಬಾಲ ಎತ್ತುವ ಹ್ಞೂಂ. 'ಇದು ನನಗೆ ಗೊತ್ತು, ಎಳೀಬೇಡಿ' ಎಂಬ ಜೋಡಿ ಹ್ಞೂಂ. ಕಥೆಯಲ್ಲಿ ಅತ್ತೆ ಸೊಸೆಗೆ ಅನ್ನ ಹಾಕದೆ ಕಳಿಸಿದ ಜಾಗದಲ್ಲಿ ಮೂಗಿನಿಂದ ಮಾತ್ರ ಬಂದ, ಎದುರಿಗಿರುವ ನಿಜವಾದ ಅತ್ತೆಗೂ ತಾಗಿದ ಒಂದು ಹ್ಞೂಂ. ಅದಾದ ಮೇಲೆ ಮುದುಕಮ್ಮ ಒಂದು ಕ್ಷಣ ತಡೆದು ಕಥೆಯ ಅತ್ತೆಯನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿದ್ದಾರೆ. ನನ್ನ ಪುಸ್ತಕದಲ್ಲಿ ಆ ತಿರುವಿಗೆ ಎರಡು ಪುಟದ ಅಡಿಟಿಪ್ಪಣಿ ಇದೆ, 'ಪಾಠಾಂತರದ ಸಮಸ್ಯೆ' ಎಂಬ ತಲೆಬರಹದಲ್ಲಿ. ಹ್ಞೂಂ ಮಾತ್ರ ಎಲ್ಲೂ ಇಲ್ಲ. ಬರೆದಿಳಿಸುವಾಗ ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದನ್ನೂ ಆರಿಸಿ ಎಸೆದಿದ್ದೆ.

ಎಸೆದದ್ದನ್ನು ಈಗ ಹೆಕ್ಕಿದೆ. ನಾಲ್ಕು ದಿನ ಕೂತು 108 ಹ್ಞೂಂಗಳನ್ನು ಕತ್ತರಿಸಿ ಇಟ್ಟುಕೊಂಡೆ. ಪ್ರತಿಷ್ಠಾಪನೆ ಎಂದ ಮೇಲೆ ಅಷ್ಟೋತ್ತರ ಇರಲಿ.

ಯಂತ್ರ ಕಟ್ಟಿಕೊಟ್ಟವನು ಅಲ್ಲಿನ ಒಬ್ಬ ವಿದ್ಯಾರ್ಥಿ. ಮೂಲೆಯಲ್ಲಿ ಹಳೆಯ ಕೈಕುರ್ಚಿ. ತಲೆಯಾನಿಸುವ ಕಡೆ ಒಂದು ಸಣ್ಣ ಸ್ಪೀಕರು, ತೋಳಿನ ಬಳಿ ಮೈಕು, ಸೀಟಿನ ಕೆಳಗೆ ಅಂಗೈಯಗಲದ ಕಂಪ್ಯೂಟರು. ಕೂತವರು ಮಾತಾಡಿ, ಮಾತು ತುಸು ನಿಂತಾಗ ಕುರ್ಚಿ "ಹ್ಞೂಂ" ಎನ್ನಬೇಕು. ಅಷ್ಟೇ. ಆದರೆ ತುಸು ಎಂದರೆ ಎಷ್ಟು? ಅಲ್ಲಿಗೆ ಬಂದು ನಿಂತಿತು. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಹುಡುಗ ತೋರಿಸಿದ. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ಮಧ್ಯದ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಜಪಾನಿನವರು ಎಲ್ಲರಿಗಿಂತ ಚುರುಕು. ನೆರೆಯ ಡೆನ್ಮಾರ್ಕಿನವರು ಎಲ್ಲರಿಗಿಂತ ನಿಧಾನ, ಹತ್ತಿರ ಹತ್ತಿರ ಅರ್ಧ ಸೆಕೆಂಡು. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮ ಮನೆಯಲ್ಲಿ ಅಳೆಯಲು ಬಂದಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದು ಉಪಕರಣ ಕೆಟ್ಟಿದೆಯೆಂದು ವಾಪಸು ಹೋಗುತ್ತಿದ್ದರು.

ನಾನು ಕುಣಿಗಲ್ಲಿನ ಲೆಕ್ಕದಲ್ಲಿ ಚುರುಕಾಗಿ ಇಡಿಸಿದೆ. ಆ ಹುಡುಗ ಕೂತು ಪರೀಕ್ಷೆಗೆಂದು ಮಾತಾಡಿದ. ಅವನ ಎರಡು ಪದಗಳ ನಡುವಿನ ಬಿಡುವಿನಲ್ಲಿ ನಮ್ಮವರು ಒಂದು ವಾಕ್ಯ ಮುಗಿಸಬಹುದು. ಪ್ರತಿ ಪದಕ್ಕೂ ಕುರ್ಚಿ "ಹ್ಞೂಂ, ಹ್ಞೂಂ" ಎಂದು ಆತುರಪಟ್ಟಿತು. ಪೊಲೀಸ್ ಠಾಣೆಯಲ್ಲಿ ಕೂರಿಸಿದ ಹಾಗಿದೆ ಎಂದ. ನಿಧಾನ ಮಾಡಿದೆವು. ಎಷ್ಟು ನಿಧಾನವೆಂದರೆ ನಾನು ಕೂತಾಗ ಉಸಿರಾಡಲು ಬಿಡದೆ ಮಾತಾಡಿದ್ದರಿಂದ ಅದು ಹತ್ತು ನಿಮಿಷ ತುಟಿಯನ್ನೇ ಬಿಚ್ಚಲಿಲ್ಲ. ಕೊನೆಗೆ ಎರಡೂ ದೇಶಗಳ ನಡುವೆ ಮುಕ್ಕಾಲು ಸೆಕೆಂಡಿಗೆ ಒಪ್ಪಂದವಾಯಿತು.

ಇನ್ನೊಂದು ಎಡವಟ್ಟು ಪೂರ್ತಿ ನನ್ನದು. ರಾತ್ರಿ ಹೊರಡುವಾಗ ಗುಂಡಿ ಆರಿಸುವುದನ್ನು ಮರೆತೆ. ಯಾರೋ ಬಾಗಿಲು ಹಾಕಿದ ಸದ್ದನ್ನು ಮಾತೆಂದು ತಿಳಿದ ಕುರ್ಚಿ "ಹ್ಞೂಂ" ಎಂದಿದೆ. ತನ್ನ ಹ್ಞೂಂ ತನ್ನದೇ ಮೈಕಿಗೆ ಕೇಳಿ, ಅದಕ್ಕೂ "ಹ್ಞೂಂ" ಎಂದಿದೆ. ಹೀಗೆ ಬೆಳಗಿನವರೆಗೂ ತನಗೆ ತಾನೇ ಹೂಂಗುಟ್ಟಿಕೊಂಡಿದೆ. ನಮ್ಮಲ್ಲಿನ ಕೆಲವು ಸಾಹಿತ್ಯ ಗೋಷ್ಠಿಗಳನ್ನು ನೋಡಿದವನಿಗೆ ಇದರಲ್ಲಿ ಹೊಸತೇನಿಲ್ಲ. ಆದರೆ ರಾತ್ರಿ ಸುತ್ತು ಬರುವ ಕಾವಲಿನವನು ಗೋಷ್ಠಿ ಕಂಡವನಲ್ಲ. ಕತ್ತಲೆ ಕೋಣೆಯಲ್ಲಿ ಹೆಂಗಸೊಬ್ಬಳು ಬಿಟ್ಟು ಬಿಟ್ಟು ಹೂಂಗುಟ್ಟುವುದನ್ನು ಕೇಳಿ, ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದ: 'ಒಳಗಿರುವವರು ದಯವಿಟ್ಟು ಕಚೇರಿಯನ್ನು ಸಂಪರ್ಕಿಸಿ.' ಪರಿಹಾರ ಸುಲಭವಿತ್ತು. ಕುರ್ಚಿ ತಾನು ಮಾತಾಡುವಾಗ ತನ್ನ ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡಿದೆವು. ಈ ಗುಣ ಯಂತ್ರಗಳಿಗೆ ಬರುವ ಎಷ್ಟೋ ಮೊದಲೇ ನಮ್ಮ ಭಾಷಣಕಾರರಿಗೆ ಬಂದಿತ್ತು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಬ್ಬಳ್ಳಿಯ ಹುಡುಗಿಯೊಬ್ಬಳು ಸುದ್ದಿ ತಿಳಿದು ಬಂದಳು. ಕೂತಳು, ಎರಡು ಮಾತಾಡಿದಳು, ಹ್ಞೂಂ ಕೇಳಿದಳು, ಎದ್ದಳು. "ಸರ್, ಇದು ಮೈಸೂರು ಕಡೆ ಹ್ಞೂಂ ಐತ್ರೀ. ನಮ್ಮ ಕಡೆ ಹಿಂಗ ಅನ್ನಂಗಿಲ್ಲ." "ಮತ್ತೆ?" "ಹೂಂನ್ರೀ." ಒಂದಕ್ಷರದ ಹ್ಞೂಂಗೂ ಪ್ರಾಂತಭೇದ! ಏಕೀಕರಣವಾಗಿ ಇಷ್ಟು ವರ್ಷವಾದ ಮೇಲೆ ಊಮಿಯೊದಲ್ಲಿ ಹೊಸ ವಿವಾದವೇಕೆಂದು ಅವಳ ದನಿಯಲ್ಲೇ ಹನ್ನೆರಡು 'ಹೂಂನ್ರೀ' ರೆಕಾರ್ಡ್ ಮಾಡಿ ಸೇರಿಸಿದೆ. ಅಷ್ಟೋತ್ತರ ಕೆಟ್ಟಿತು, ಕರ್ನಾಟಕ ಉಳಿಯಿತು.

ಜನ ಮನಸ್ಸು ಬಿಚ್ಚಿ ಮಾತಾಡುವ ಜಾಗವಾದ್ದರಿಂದ, ಏನನ್ನೂ ದಾಖಲಿಸುವುದಿಲ್ಲವೆಂದು ಬರೆದುಕೊಡಬೇಕಿತ್ತು. ಫಲಕ ಹಾಕಬಾರದೆಂದು ನ್ಯೂಹೌಸನ ಹೆಸರಲ್ಲಿ ಮಾಡಿದ್ದ ಸಂಕಲ್ಪ ಅಲ್ಲಿಗೆ ಮುರಿಯಿತು. ಸಣ್ಣದೊಂದು ಬರೆದಿಟ್ಟೆ: 'ಈ ಕುರ್ಚಿ ಕೇಳಿಸಿಕೊಳ್ಳುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ.' ಫೋನಿನಲ್ಲಿ ಓದಿ ಹೇಳಿದಾಗ ಮನೆಯವಳು, "ಅಂದ್ರೆ ನಿಮ್ಮ ಥರಾನೇ" ಎಂದಳು.

ಯಾರು ಬರುತ್ತಾರೆ ಎಂದುಕೊಂಡಿದ್ದೆ. ಮೊದಲ ದಿನ ಮೂವರು ಬಂದರು. ಮೂರನೆಯ ದಿನ ಸರತಿ ಹತ್ತಿತು. ಅಂಗಡಿ, ಔಷಧಾಲಯ ಎಲ್ಲ ಕಡೆ ಸರತಿ ಚೀಟಿ ಹರಿದುಕೊಂಡು ಕಾಯುವ ದೇಶ ಅದು. ಯಾರೋ ಒಂದು ಚೀಟಿ ಪೆಟ್ಟಿಗೆಯನ್ನೇ ತಂದಿಟ್ಟರು. ಗಾಜಿನ ಗೋಡೆಯ ಆಚೆ ನಿಂತು ನೋಡುತ್ತಿದ್ದೆ. ಕಸ ಗುಡಿಸುವ ಹೆಂಗಸು ಪೊರಕೆ ಒರಗಿಸಿ ಕೂತಳು, ಕೈ ತಿರುಗಿಸಿ ತಿರುಗಿಸಿ ಯಾರನ್ನೋ ಬೈದಳು. ನಿವೃತ್ತರಾದ ಗಣಿತದ ಮುದುಕರೊಬ್ಬರು ದಪ್ಪ ಕೋಟು ಬಿಚ್ಚದೆ ಕೂತು ಇಪ್ಪತ್ತು ನಿಮಿಷ ಮೆಲ್ಲಗೆ ಏನೋ ಹೇಳಿ, ಏಳುವಾಗ ಕುರ್ಚಿಯ ತೋಳನ್ನು ಎರಡು ಸಲ ತಟ್ಟಿ ಹೋದರು. ಯಾವ ಭಾಷೆಯಲ್ಲಿ ಮಾತಾಡಿದರೂ ಉತ್ತರ ಕುಣಿಗಲ್ಲಿನದು.

ಇದು ಮೋಸವಲ್ಲವೇ ಎಂದು ಆ ಯಂತ್ರದ ಹುಡುಗ ಕೇಳಿದ. 1966ರಲ್ಲಿ ಎಂಐಟಿಯ ಜೋಸೆಫ್ ವೈಜನ್‌ಬಾಮ್ 'ಎಲೈಜಾ' ಎಂಬ ಪ್ರೋಗ್ರಾಮನ್ನು ಪ್ರಕಟಿಸಿದ್ದನ್ನು ನೆನಪಿಸಿದ. ಟೈಪಿಸಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡಿ, ಮನೋವೈದ್ಯನಂತೆ ನಟಿಸುತ್ತಿತ್ತು. ಅದು ಬರೀ ಪ್ರೋಗ್ರಾಮೆಂದು ಚೆನ್ನಾಗಿ ಗೊತ್ತಿದ್ದ ಅವನ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕೂತು, ನೀವು ಸ್ವಲ್ಪ ಹೊರಗೆ ಹೋಗಿ ಎಂದು ಅವನನ್ನೇ ಕಳಿಸಿದಳಂತೆ. ಬೆಚ್ಚಿದ ವೈಜನ್‌ಬಾಮ್ ಮುಂದೆ ಕಂಪ್ಯೂಟರಿನ ಬಗ್ಗೆ ಎಚ್ಚರಿಸುತ್ತಲೇ ಬದುಕಿದ. ನಾನು ಹುಡುಗನಿಗೆ ಹೇಳಿದೆ: ನಮ್ಮ ಕುರ್ಚಿ ಮಾತಾಡುವಂತೆ ನಟಿಸುವುದಿಲ್ಲವಪ್ಪ, ಒಂದು ಕಾಲದಲ್ಲಿ ಒಬ್ಬ ಹೆಂಗಸು ನಿಜವಾಗಿ ಕೇಳಿಸಿಕೊಂಡಿದ್ದರ ಸಾಕ್ಷಿಯನ್ನಷ್ಟೇ ಮತ್ತೆ ಮತ್ತೆ ಒಪ್ಪಿಸುತ್ತದೆ. ಅವನು "ಶ್ಶುಪ್" ಎಂದ. ಒಪ್ಪಿದನೋ ಚಳಿಗೋ ತಿಳಿಯಲಿಲ್ಲ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಕಥೆಯನ್ನು ಅವನಿಗೆ ಹೇಳಿದೆ. ಕಾರ್ನಾಡರು 'ನಾಗಮಂಡಲ'ಕ್ಕೆ ತಂದುಕೊಂಡ ಕಥೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಬಾಗಿಲಲ್ಲಿ ಚಪ್ಪಲಿಯಾಗಿ, ಕೋಟಾಗಿ ಕೂತು ಗಂಡ ಹೆಂಡಿರಿಗೆ ಜಗಳ ತಂದಿಟ್ಟವು. ಕಥೆಯನ್ನು ಬಚ್ಚಿಟ್ಟ ತಪ್ಪನ್ನು ಲೋಕವೆಲ್ಲ ಅವಳ ಮೇಲೇ ಹೊರಿಸುತ್ತದೆ. ಆ ಮನೆಯಲ್ಲಿ ಹೂಂಗುಟ್ಟುವವರು ಒಬ್ಬರಾದರೂ ಇದ್ದರೇ ಎಂದು ನಾನು ಜಾನಪದದ ಮೇಷ್ಟ್ರಾಗಿಯೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಕೊನೆಯ ವಾರ ಜಪಾನಿನ ಅಧ್ಯಾಪಕರೊಬ್ಬರು ಕೂತೆದ್ದು, ತಮ್ಮಲ್ಲೂ ಹೂಂಗುಟ್ಟುವುದಕ್ಕೆ ಹೆಸರಿದೆ, 'ಐಜುಚಿ' ಎಂದರು. ಕಾದ ಕಬ್ಬಿಣವನ್ನು ಇಬ್ಬರು ಕಮ್ಮಾರರು ಒಬ್ಬರಾದ ಮೇಲೆ ಒಬ್ಬರು ಸುತ್ತಿಗೆಯಿಂದ ಬಡಿಯುತ್ತಾರಲ್ಲ, ಅದರಿಂದ ಬಂದ ಮಾತಂತೆ. ಒಂದೇ ಒರಳಿಗೆ ಎರಡು ಒನಕೆ ಹಾಕಿ ಭತ್ತ ಕುಟ್ಟುವುದನ್ನು ನಾನು ಅವರಿಗೆ ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಒಂದು ಒನಕೆ ಮೇಲೇಳುವಾಗ ಇನ್ನೊಂದು ಇಳಿಯಬೇಕು. ತಪ್ಪಿದರೆ ಅಕ್ಕಿಯಲ್ಲ, ಬೆರಳು. ಇಬ್ಬರೂ ಹಿಮದ ನಡುವೆ ಇಲ್ಲದ ಒನಕೆ ಹಿಡಿದು ಸ್ವಲ್ಪ ಹೊತ್ತು ಕುಟ್ಟಿದೆವು.

ಪ್ರತಿಷ್ಠಾಪನೆ ಎಂದ ಮೇಲೆ ವಿಸರ್ಜನೆ ಇದ್ದದ್ದೇ. ಹೊರಡುವ ಹಿಂದಿನ ದಿನ ಮೈಕು, ಸ್ಪೀಕರು ಕಿತ್ತು ಕುರ್ಚಿಯನ್ನು ಇದ್ದ ಜಾಗಕ್ಕೆ ಸಾಗಿಸಿದೆವು.

ಊರಿಗೆ ಬಂದವನೇ ಕುಣಿಗಲ್ ಕಡೆಯ ಆ ಹಳ್ಳಿಗೆ ಹೋದೆ. ಮುದುಕಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ಅಂದಿನ ಸೊಸೆ ಈಗ ಮೊಮ್ಮಕ್ಕಳ ಅಜ್ಜಿ. ಜಗಲಿಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಹಿಮ, ಕುರ್ಚಿ, ಸರತಿ ಚೀಟಿ, ಗಣಿತದ ಮುದುಕರು. ಆಕೆ ಅವರೆಕಾಯಿ ಸುಲಿಯುತ್ತಾ ಪ್ರತಿ ಮಾತಿಗೂ ಹ್ಞೂಂ ಎಂದರು. ದನಿ ಒಂದು ಮನೆ ಕೆಳಗಿಳಿದಿತ್ತು, ಆದರೆ ಜಾಗ ಒಂದೂ ತಪ್ಪಲಿಲ್ಲ. ನಿಮ್ಮನ್ನು ಕೇಳದೆ ನಿಮ್ಮ ದನಿ ಒಯ್ದೆ, ತಪ್ಪಾಯಿತು ಎಂದೆ. "ನಾನೇನಂದೆ ಅಂತ? ಬರೀ ಹ್ಞೂಂ ಅಂದೆ" ಎಂದು ನಕ್ಕು, "ಇದಕ್ಕೆ ಇಮಾನದಾಗೆ ಹೋಗಿದ್ರಾ?" ಎಂದು ಕೇಳಿದರು.

ಆ ಪುಸ್ತಕದ ಎರಡನೆಯ ಮುದ್ರಣ ಈಗ ಅಚ್ಚಿನಲ್ಲಿದೆ. ಎಲ್ಲ ಹ್ಞೂಂಗಳನ್ನೂ ಆಯಾ ಜಾಗಕ್ಕೆ ವಾಪಸು ಹಾಕಿದ್ದೇನೆ. ನಲವತ್ತು ಪುಟ ಹೆಚ್ಚಾಗಿ ಪ್ರಕಾಶಕರು ಗೊಣಗುತ್ತಿದ್ದಾರೆ. 'ಪಾಠಾಂತರದ ಸಮಸ್ಯೆ' ಎಂಬ ಅಡಿಟಿಪ್ಪಣಿ ತೆಗೆದಿದ್ದೇನೆ, ಅಲ್ಲಿ ಎರಡು ಪುಟ ಉಳಿದಿದೆ. ಮೊದಲ ಮುದ್ರಣದಲ್ಲಿ ಶೀರ್ಷ ಪುಟದ ಹಿಂಬದಿಗೆ 'ಕಥೆ ಹೇಳಿದವರು' ಎಂದು ಒಂದೇ ಹೆಸರಿತ್ತು. ಈಗ ಅದರ ಕೆಳಗೆ, ಅದೇ ಗಾತ್ರದ ಅಕ್ಷರದಲ್ಲಿ, 'ಹೂಂಗುಟ್ಟಿದವರು' ಎಂದು ಇನ್ನೊಂದು ಹೆಸರಿದೆ.